ಬಿಚ್ಚಬೇಡಿ ಸಾಹೇಬರು

ಬ್ಯಾಟರಿ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಅವರಿಗೆ ‘ಬಿಚ್ಚಬೇಡಿ ಸಾಹೇಬರು’ ಎಂದೇ ಹೆಸರು. ಲಿಥಿಯಂ ಬ್ಯಾಟರಿಯ ಮೈಗೆ ಚೂರು ಜೆಲ್ ಸವರಿ, ಅದರ ಮೇಲೆ ಪ್ರೋಬ್ ಇಟ್ಟು, ಯಾರ ಕಿವಿಗೂ ಕೇಳಿಸದ ಶಬ್ದವನ್ನು ಒಳಗೆ ಕಳಿಸಿ, ಅದು ಆ ಕಡೆ ದಾಟಿತೋ ನಡುವೆಯೇ ಸೊರಗಿತೋ ಎಂದು ಪರದೆಯಲ್ಲಿ ನೋಡಿ, ಒಳಗೆ ಗ್ಯಾಸ್ ತುಂಬಿದೆಯೇ ಇಲ್ಲವೇ ಎಂದು ಹೇಳುವುದು ಅವರ ಕಸುಬು. ಯಾರಾದರೂ ಸ್ಕ್ರೂಡ್ರೈವರ್ ಎತ್ತಿಕೊಂಡರೆ ಸಾಕು, “ಬಿಚ್ಚಬೇಡಿ! ಬಿಚ್ಚಿ ನೋಡೋಕೆ ಯಾರಿಗೆ ಬರಲ್ಲ ರೀ?” ಎಂದು ಹಾರಿಬೀಳುತ್ತಾರೆ. ಮನೆಯಲ್ಲೂ ಅದೇ ಕಥೆ. ಊಟದ ಡಬ್ಬಿಯನ್ನು ಬೆರಳಿನಿಂದ ತಟ್ಟಿ, ಒಳಗೇನಿದೆಯೆಂದು ಗಂಭೀರವಾಗಿ ಹೇಳಿ, ದಿನವೂ ತಪ್ಪುತ್ತಾರೆ. ಮಗಳು ಮುಖ ಊದಿಸಿಕೊಂಡು ಕೂತರೆ, “ಗ್ಯಾಸ್ ತುಂಬಿದೆ, ಯಾರೂ ಹತ್ತಿರ ಹೋಗಬೇಡಿ” ಎಂದು ಘೋಷಿಸುತ್ತಾರೆ. ಕಳೆದ ತಿಂಗಳು ಅವರಿಗೆ ಎದೆ ಹಿಡಿದಂತಾಗಿ, ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಾಗ, ಸ್ಕ್ಯಾನಿಂಗ್ ಹಾಸಿಗೆಯಲ್ಲಿ ಮಲಗಿಕೊಂಡೇ, “ಸಿಸ್ಟರ್, ಜೆಲ್ಲಿನಲ್ಲಿ ಗುಳ್ಳೆ ಉಳಿದಿದೆ, ಇನ್ನೊಮ್ಮೆ ಸವರಿ” ಎಂದು ಪಾಠ ಹೇಳಿದವರು ಅವರು. ಆ ಸ್ಕ್ಯಾನಿಂಗ್ ವರದಿಯ ಲಕೋಟೆ ಮಾತ್ರ ಹತ್ತು ದಿನದಿಂದ ಅಂಟು ಬಿಚ್ಚದೆ ಅವರ ಅಂಗಿಯ ಎಡಜೇಬಿನಲ್ಲೇ ಇದೆ. ಆಗಾಗ ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ, ತಟ್ಟುತ್ತಾರೆ, ಕಿವಿಗೆ ಇಟ್ಟುಕೊಂಡು ಮತ್ತೆ ಒಳಗಿಡುತ್ತಾರೆ. “ಕೊಡ್ರೀ ಇಲ್ಲಿ, ಅದೇನು ಬ್ಯಾಟರೀನಾ, ಬಿಚ್ಚಿದ ತಕ್ಷಣ ಹೊತ್ತಿಕೊಳ್ಳೋಕೆ?” ಎಂದು ಹೆಂಡತಿ ಕೈ ಚಾಚಿದರೆ, ಸಾಹೇಬರು ಜೇಬಿನ ಮೇಲೆ ಅಂಗೈ ಒತ್ತಿಕೊಂಡು, ಕಾರ್ಖಾನೆಯಲ್ಲಿ ಯಾರೂ ಕೇಳಿರದಷ್ಟು ಮೆತ್ತಗೆ ಹೇಳುತ್ತಾರೆ: “ಒಂದ್ಸಲ ಬಿಚ್ಚಿದ್ಮೇಲೆ ಮತ್ತೆ ಮುಚ್ಚೋಕಾಗಲ್ಲ ಕಣೇ.”