ಮೇಷ್ಟ್ರಿಲ್ಲದ ಅಪ್ಲೈಡ್ ಮ್ಯಾತ್ಸ್

ನಮ್ಮ ಬಳ್ಳಾರಿಯ ಶಾಲೆಯಲ್ಲಿ ಹನ್ನೆರಡನೇ ತರಗತಿಗೆ ಅಪ್ಲೈಡ್ ಮ್ಯಾತ್ಸ್ ಇದೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಕಲಿಸುವವರಿದ್ದಾರೆ ಎಂದು ಹೇಳಿರಲಿಲ್ಲ. ನಾನೂ ಕೇಳಲಿಲ್ಲ, ಹೋಟೆಲಿಗೆ ಹೋದವರು ಅಡುಗೆಯವನಿದ್ದಾನೆಯೇ ಎಂದು ಕೇಳುತ್ತಾರೆಯೇ? ಆ ವಿಷಯ ತೆಗೆದುಕೊಂಡವಳು ನಾನೊಬ್ಬಳೇ. "ಸುಲಭ ಐತವ್ವಾ, ನೀನ ಓದ್ಕೊ," ಎಂದು ಲೈಬ್ರರಿ ತೋರಿಸಿದರು. ಅಲ್ಲಿ ಆ ವಿಷಯದ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು.

ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ ಮಾಡುವ ಅಪ್ಪನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅಂದೇ ಊರಿಗೆ ಕರೆದೊಯ್ಯುತ್ತಿದ್ದ. ಅವನ ಮಾತು ಖಡಕ್ಕಾಗಿತ್ತು: "ಪಾಸಾದ್ರ ಬಳ್ಳಾರ್‍ಯಾಗ ಬಿ.ಕಾಂ. ಫೇಲಾದ್ರ ಕುರುಗೋಡು." ಕುರುಗೋಡು ಎಂದರೆ ಸೋದರಮಾವನ ಮನೆ. ಅಲ್ಲಿ ನನ್ನನ್ನು ಕಟ್ಟಿಕೊಳ್ಳಲು ಕಾದಿದ್ದ ಮಾವನ ಮಗ ಇಡೀ ದಿನ ಬುಲೆಟ್ ಬೈಕ್ ಒರೆಸುತ್ತಿದ್ದ. ಅದನ್ನು ಓಡಿಸಿದ್ದನ್ನು ನಾನಂತೂ ಕಂಡಿಲ್ಲ.

ಮಾವ ನಿವೃತ್ತ ಗಣಿತ ಮೇಷ್ಟ್ರು. ನಾಚಿಕೆ ಬಿಟ್ಟು, ಪೇಟೆಯಲ್ಲಿ ಕೊಂಡ ಪುಸ್ತಕ ಹಿಡಿದು ಬಸ್ಸು ಹತ್ತಿ ಹೋದೆ. ನಾಲ್ಕು ಹಾಳೆ ತಿರುವಿ, "ಇದು ಗಣಿತ ಏನವ್ವಾ? ಕಿರಾಣಿ ಅಂಗಡಿ ಲೆಕ್ಕ," ಎಂದು ಮುಚ್ಚಿಟ್ಟರು. ಕಲಿಸಿದರೆ ಸೊಸೆ ಕೈತಪ್ಪುತ್ತಾಳೆ. ಆ ಲೆಕ್ಕ ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಉಳಿದದ್ದು ಮೊಬೈಲು. ಯಾವನೋ ಮೇಷ್ಟ್ರು ಅದರೊಳಗಿಂದ ಹಿಂದಿಯಲ್ಲಿ ಕೂಗುತ್ತಿದ್ದ. ಅರ್ಧ ತಿಳಿಯುತ್ತಿತ್ತು, ಇನ್ನರ್ಧ ನಾನೇ ತಲೆ ಕೆರೆದುಕೊಂಡು ಬಿಡಿಸುತ್ತಿದ್ದೆ.

ಬೇರೆ ಶಾಲೆಯವರು ಪ್ರಶ್ನೆ ತೆಗೆದು ತಿದ್ದಿದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭತ್ತದ ಚೀಲಗಳ ದೊಡ್ಡ ಲೆಕ್ಕ ಬಂತು. ಚೀಲಕ್ಕೆ ಐವತ್ತು ಕಿಲೋ ಎಂದು ಪ್ರಶ್ನೆಯಲ್ಲೇ ಅಚ್ಚಾಗಿತ್ತು. ನಾನು ಎಪ್ಪತ್ತೈದು ಹಿಡಿದೆ. ನಮ್ಮೂರಲ್ಲಿ ಭತ್ತದ ಚೀಲವೆಂದರೆ ಎಪ್ಪತ್ತೈದು ಕಿಲೋ. ಅದನ್ನು ಯಾರೂ ಓದಿ ತಿಳಿಯುವುದಿಲ್ಲ. ಲೆಕ್ಕ ಪೂರ್ತಿ ಹೋಯಿತು, ಅದರ ಜೊತೆ ನಾನೂ ಫೇಲು.

ಅಪ್ಪ ಪೇಪರ್ ನೋಡಿ ನೆಟ್ಟಗೆ ಶಾಲೆಗೇ ಬಂದ. "ಐವತ್ತು ಕಿಲೋ ಭತ್ತದ ಚೀಲ ಯಾವ ಊರಾಗೈತ್ರಿ? ನನ್ ಮಗಳು ಬರದದ್ದ ಖರೆ!" ಎಂದು ಮೇಜು ಗುದ್ದಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನಮ್ ಮೇಷ್ಟ್ರಿಗೆ ಹೇಳ್ತೀನ್ರಿ," ಎಂದರು ಪ್ರಿನ್ಸಿಪಾಲರು. ಇಲ್ಲದ ಮೇಷ್ಟ್ರಿಗೆ! ಹೊರಗೆ ಬಂದ ಅಪ್ಪ, "ಇದು ಫೇಲಲ್ಲ ಬಿಡು. ಬೋರ್ಡ್ ಪರೀಕ್ಷಿ ನೋಡೋಣು," ಎಂದ.

ಆಮೇಲೆ ನಿಜವಾಗಿ ಹೆದರಿದೆ. ಬೈಕ್ ಒರೆಸುವವನ ಮುಖ ನೆನಪಾದಾಗಲೆಲ್ಲ ಇನ್ನೊಂದು ಲೆಕ್ಕ ಬಿಡಿಸಿದೆ. ಪ್ರಶ್ನೆಯಲ್ಲಿ ಅಂಕಿ ಕಂಡಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕುವುದನ್ನು ರೂಢಿ ಮಾಡಿಕೊಂಡೆ. ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದಲೇ ಪಾಸಾದೆ.

ಶಾಲೆಯ ಗೇಟಿಗೆ ಫ್ಲೆಕ್ಸ್ ಬಿತ್ತು: ನುರಿತ ಅಧ್ಯಾಪಕರು, ಅಪ್ಲೈಡ್ ಮ್ಯಾತ್ಸ್‌ನಲ್ಲಿ ನೂರಕ್ಕೆ ನೂರು ಫಲಿತಾಂಶ. ಒಬ್ಬಳೇ ಬರೆದು ಒಬ್ಬಳೇ ಪಾಸಾದರೆ ನೂರಕ್ಕೆ ನೂರೇ. ಪ್ರಿನ್ಸಿಪಾಲರ ಫೋಟೋ ಕುಂಬಳಕಾಯಿಯಷ್ಟು, ನನ್ನದು ನಿಂಬೆಹಣ್ಣಿನಷ್ಟು.

ಅಪ್ಪ ಸಿರುಗುಪ್ಪದಿಂದ ಹಾರ, ಹಣ್ಣು, ಶಾಲು ಹಿಡಿದು ಬಂದಿದ್ದ. "ಕಲಿಸಿದ ಮೇಷ್ಟ್ರನ್ನ ಕರೀರಿ, ಸನ್ಮಾನ ಮಾಡ್ಬೇಕು," ಎಂದ. ಪ್ರಿನ್ಸಿಪಾಲರು ಅತ್ತಿತ್ತ ನೋಡಿ, ತಡಮಾಡದೆ ತಮ್ಮ ಕುತ್ತಿಗೆಯನ್ನೇ ಬಗ್ಗಿಸಿದರು.

ನನ್ನ ಮೈಯೆಲ್ಲ ಉರಿಯಿತು. ಅಪ್ಪನ ಕೈಯಿಂದ ಶಾಲು ಕಿತ್ತುಕೊಂಡು ನನ್ನ ಹೆಗಲಿಗೇ ಹಾಕಿಕೊಂಡೆ.

"ಕಲಿಸಿದಾಕಿ ಇಲ್ಲೇ ಅದಾಳಪ್ಪಾ. ನಡಿ, ಕಾಲೇಜಿಗೆ ಹೆಸರು ಹಚ್ಚಾಕ ಹೋಗೋಣು."