ಗುಡ್ಡದ ಅಂಚಿನಲ್ಲಿ ಕಟ್ಟಿದ ಕಲ್ಲಿನ ಮನೆ

ಮೂರು ವರ್ಷದ ಹಿಂದಿನ ದಸರಾ ರಜೆ. ಹಿರೇಹಡಗಲಿಯಿಂದ ಘಟ್ಟದ ಮೇಲಿನ ಒಂದು ಊರಿಗೆ, ಮಗಳು ರೇಣುಕಾಳ ಮನೆಗೆ ಹೋಗಿದ್ದೆ. ಊರ ಹೆಸರು ಹೇಳುವುದಿಲ್ಲ, ಅವಳ ನೌಕರಿ ಅಲ್ಲೇ ಇದೆ. ಪ್ರವಾಸಿಗರು ನಿಂತು ಕಣಿವೆ ನೋಡುವ ಜಾಗದಲ್ಲಿ ಅವಳು ಕಾವಲು. ಬಾಟಲಿ ಆರಿಸುವುದು, ಅಂಚಿಗೆ ಹೋದವರನ್ನು ಬೈದು ಹಿಂದಕ್ಕೆ ಕರೆಯುವುದು ಅವಳ ಕೆಲಸ.

ಆ ಊರಲ್ಲಿ ಎಲ್ಲಿ ನೋಡಿದರೂ ಗುಡ್ಡ ಕಡಿದು ಲಾಡ್ಜು ಕಟ್ಟುತ್ತಿದ್ದರು. ಮಗಳ ಬಾಡಿಗೆ ಮನೆಯ ಮಾಲೀಕನೂ, ಪ್ರವಾಸಿಗರಿಗೆ ರೂಮು ಮಾಡಬೇಕು, ಯುಗಾದಿಯೊಳಗೆ ಖಾಲಿ ಮಾಡಿ ಎಂದಿದ್ದ. ಅಷ್ಟು ಹೇಳಿ ಮಗಳು ಪಾತ್ರೆ ತೊಳೆಯಲು ಎದ್ದಳು. ಅವಳು ಅಳುವವಳಲ್ಲ, ನಾನೂ ಸಮಾಧಾನ ಮಾಡುವವಳಲ್ಲ.

ಮರುದಿನ ಮೊಮ್ಮಗಳನ್ನು ಮನೆಯಲ್ಲಿ ಬಿಟ್ಟು, ಮಗಳ ಜೊತೆ ಅವಳ ಕೆಲಸದ ಜಾಗಕ್ಕೆ ಹೋದೆ. ಬಸ್ಸು ಗುಡ್ಡ ಸುತ್ತಿ ಸುತ್ತಿ ಮೇಲೆ ಬಿಟ್ಟಿತು. ಮಂಜು ಕವಿದು ಕೆಳಗೇನೂ ಕಾಣುತ್ತಿರಲಿಲ್ಲ. ನನಗೆ ಉಚ್ಚಂಗಿದುರ್ಗ ನೆನಪಾಯಿತು. ಅಲ್ಲಿ ಗುಡ್ಡ ಹತ್ತುವಾಗ, ಸ್ವಂತ ಮನೆ ಬೇಕೆನ್ನುವ ನಮ್ಮ ಮಂದಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಮಾಡಿ ಮೇಲಿನ ಗುಡಿಯ ಅಮ್ಮನಿಗೆ ಕೈ ಮುಗಿಯುತ್ತಾರೆ. ಗುಡ್ಡ ಯಾವುದಾದರೇನು ಎಂದು, ಅಂಚಿನ ಮಣ್ಣಿಂದ ಕಲ್ಲು ಕಿತ್ತು ನಾನೂ ಒಂದು ಕಟ್ಟಿದೆ. ಕಲ್ಲು ಮುಟ್ಟಬೇಡಿ ಎಂಬ ಬೋರ್ಡು ಇತ್ತು. ಅಕ್ಷರ ಕೂಡಿಸಿ ಓದುತ್ತಾ ನಿಲ್ಲುವ ಪುರುಸೊತ್ತು ನನಗಿರಲಿಲ್ಲ.

ಪ್ರವಾಸಕ್ಕೆ ಬಂದಿದ್ದ ಒಬ್ಬಾಕೆ, "ಏನಜ್ಜಿ ಇದು?" ಎಂದು ಕೇಳಿದಳು.

"ಮನಿ. ಕಟ್ಟಿ ಬೇಡಿಕೊಂಡ್ರ ಸ್ವಂತ ಮನಿ ಆಗ್ತೈತಿ," ಎಂದೆ.

ಅಷ್ಟೇ. ಅವಳ ಬಸ್ಸಿನ ಮಂದಿಯೆಲ್ಲ ಕಲ್ಲು ಕೀಳಲು ನಿಂತರು. "ಅಜ್ಜಿ, ನಂದು ಮೂರಂತಸ್ತು!" ಎಂದು ಒಬ್ಬ ನಕ್ಕ. ನಗುವಾಗಲೇ ಅವನ ಕಾಲಡಿಯ ಮಣ್ಣು ಜಾರಿತು. ಅವನನ್ನು ಪಕ್ಕದವರು ಹಿಡಿದರು. ಅವನು ಕಿತ್ತ ಕಲ್ಲನ್ನು ಹಿಡಿಯುವವರಿರಲಿಲ್ಲ. ಮಂಜಿನೊಳಗೆ ಉರುಳಿ ಹೋಗಿ ಎಲ್ಲೋ ತಗಡಿಗೆ ಬಡಿದ ಸದ್ದಾಯಿತು.

ಆಚೆ ಬದಿ ಬಾಟಲಿ ಆರಿಸುತ್ತಿದ್ದ ರೇಣುಕಾ ಓಡಿ ಬಂದಳು. "ಯಾರ್ರೀ ಕಲ್ಲು ಕಿತ್ತೋರು?"

ಎಲ್ಲರೂ ನನ್ನನ್ನು ನೋಡಿದರು. "ನಾನೇ. ನಿನಗೊಂದು ಮನಿ ಆಗ್ಲಿ ಅಂತ," ಎಂದೆ.

"ಯವ್ವಾ, ಕೆಳಗ ಇರೋದು ನಮ್ಮ ಓಣಿ! ಈ ಕಲ್ಲೇ ಗುಡ್ಡದ ಮಣ್ಣು ಹಿಡದು ನಿಲ್ಲಿಸ್ಯಾವು!"

ಮನೆಗೆ ಫೋನು ಹಚ್ಚಿದಳು. ಮೊಮ್ಮಗಳು ಎತ್ತುವವರೆಗೆ ನಾನು ರಿಂಗು ಎಣಿಸಿದೆ. "ಮಮ್ಮಿ, ಬಚ್ಚಲ ತಗಡು ತೂತು ಬಿದ್ದೈತಿ. ನಾ ಒಳಗ ಟೀವಿ ನೋಡಾಕತ್ತೀನಿ," ಎಂದಳು ಆ ಹುಡುಗಿ.

ಆಮೇಲೆ ನನ್ನ ಬಾಯಿ ಬಿಟ್ಟೆ. "ಏ ಮೂರಂತಸ್ತಿನಾಂವಾ, ಎಲ್ಲಿ ನಡದಿ? ಕಿತ್ತ ಕಲ್ಲು ಕಿತ್ತಲ್ಲೇ ಹೂತು ಹೋಗು. ನೀವೂ ಬರ್ರಿ ಎಲ್ರೂ!" ರೇಣುಕಾ ಅಂಚಿಗೆ ನಿಂತು ಒಬ್ಬೊಬ್ಬರನ್ನೇ ಹತ್ತಿರ ಬಿಟ್ಟಳು. ಕಲ್ಲು ಹೂತು, ಮಣ್ಣು ತುಳಿದು ಹೋದರು. ನಾನು ಕಟ್ಟಿದ್ದನ್ನು ನಾನೇ ಕೆಡವಿದೆ. ಬೇಡಿಕೊಂಡು ಕಟ್ಟಿದ್ದನ್ನು ಕೆಡವಲು ಕೈ ಬರಲಿಲ್ಲ. ಆದರೂ ಕೆಡವಿದೆ.

ಯುಗಾದಿಗೆ ಮಗಳು ಬೇರೆ ಬಾಡಿಗೆ ಮನೆ ಹಿಡಿದಳು. ಅದೂ ಇಳಿಜಾರಿನಲ್ಲೇ. ಘಟ್ಟದಲ್ಲಿ ಮಳೆ ಎಂದು ಸುದ್ದಿ ಬಂದರೆ ನನಗೆ ಈಗಲೂ ಆ ತಗಡಿನ ಸದ್ದು ಕೇಳುತ್ತದೆ.

ಹೋದ ವರ್ಷ ಉಚ್ಚಂಗಿದುರ್ಗ ಹತ್ತಿದೆ. ದಾರಿ ಬದಿಯಲ್ಲಿ ಮಂದಿ ಕಲ್ಲು ಪೇರಿಸುತ್ತಿದ್ದರು. ನಾನು ಮುಟ್ಟಲಿಲ್ಲ. "ಮಗಳಿಗೊಂದು ಮನಿ ಕೊಡವ್ವಾ, ಮಟ್ಟಸ ಜಾಗದಾಗ ಕೊಡು," ಎಂದು ಬಾಯಲ್ಲೇ ಹೇಳಿ ಇಳಿದು ಬಂದೆ.