ಮನೆಯವರಿಗೆ ಕೊಟ್ಟ ಸಮನ್ಸ್

ನಮ್ಮ ದೊಡ್ಡಪ್ಪ ಕೋರ್ಟಿನ ಅಮೀನ. ದಾವೆ ಹೂಡಿದವರ ಕಾಗದವನ್ನು ಎದುರು ಪಕ್ಷದವರ ಕೈಗೆ ಗಡುವಿನೊಳಗೆ ಮುಟ್ಟಿಸುವುದು ಅವರ ಕೆಲಸ. ಅವರು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಜನ ಹಿಂಬಾಗಿಲಿನಿಂದ ಪರಾರಿ. ಆದರೂ ‘ಜಾರಿಯಾಗಿಲ್ಲ’ ಎಂದು ಒಂದು ಕಾಗದವೂ ತಮ್ಮಿಂದ ವಾಪಸಾಗಿಲ್ಲವೆಂಬ ಜಂಭ. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೊಚ್ಚಿಕೊಂಡು ನಮ್ಮ ತಲೆ ತಿನ್ನುತ್ತಿದ್ದರು.

ಆ ಜಂಭವೇ ಅವರನ್ನು ಕೆಡಿಸಿತು. ಇಸ್ತ್ರಿ ಮಾಡಿ ಬದುಕುವ ಹೆಂಗಸೊಬ್ಬಳಿಗೆ ಕೊಡಬೇಕಾದ ಸಮನ್ಸ್ ಚೀಲದಲ್ಲಿತ್ತು. ಅಂದೇ ಗಡುವಿನ ಕೊನೆಯ ದಿನ. ಹೋದರೆ ಮನೆಗೆ ಬೀಗ. ಗೇಟಿಗೆ ಒರಗಿ ಒಬ್ಬ ಗಂಡಸು ನಿಂತಿದ್ದ. ಪಕ್ಷಗಾರರು ಸಿಗದಿದ್ದರೆ ಜೊತೆಯಲ್ಲಿ ವಾಸವಿರುವ ಮನೆಯವರಿಗೆ ಕೊಡಬಹುದು.

“ನೀವು ಆಯಮ್ಮನ ಮನೆಯವ್ರಾ?”

“ಹೌದು, ಮನೆಯವನೇ.”

ಸುಳ್ಳೇನಲ್ಲ, ಕಟ್ಟಿಕೊಂಡ ಗಂಡ. ಸಹಿ ಹಾಕಿಸಿಕೊಂಡು, ‘ಮನೆಯವರಿಗೆ ಜಾರಿ’ ಎಂದು ಬರೆದು ದೊಡ್ಡಪ್ಪ ಬಸ್ಸಿಗೆ ಓಡಿದರು. ದಾವೆ ಹೂಡಿದವರು ಯಾರೆಂದು ಓದುವ ಗೋಜಿಗೇ ಹೋಗಲಿಲ್ಲ.

ಆಕೆ ಕೋರ್ಟಿಗೆ ಬರಲಿಲ್ಲ. ಮನೆ ಗಂಡನದೇ ಎಂದು ತೀರ್ಪಾಯಿತು. ಖಾಲಿ ಮಾಡಿಸುವ ಆದೇಶ ಹಿಡಿದು ಹೋದವರೂ ದೊಡ್ಡಪ್ಪನೇ.

“ನಂಗೆ ಯಾವ ಕಾಗ್ದಾನೂ ಬಂದಿಲ್ಲ, ಸಾರ್.”

“ನಿಮ್ಮ ಮನೆಯವ್ರಿಗೇ ಕೊಟ್ಟಿದ್ದೆನಲ್ಲಮ್ಮಾ!”

ಆಕೆ ದೊಡ್ಡಪ್ಪನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಆಗಷ್ಟೇ ಬಂದು ಹೊಸ ಬೀಗ ಹಿಡಿದು ನಿಂತಿದ್ದವನು ಅವನೇ, ಅಂದು ಗೇಟಿಗೆ ಒರಗಿದ್ದವನು. “ಇವ್ನು ನನ್ನ ಬಿಟ್ಟುಹೋಗಿ ಎಷ್ಟೋ ಕಾಲ ಆಯ್ತು. ಕೇಸು ಹಾಕಿರೋನ ಕೈಗೇ ಕೊಟ್ರಾ?”

ಭೂಮಿ ಬಾಯಿಬಿಡಬಾರದೇ ಎನ್ನಿಸಿತಂತೆ ದೊಡ್ಡಪ್ಪನಿಗೆ. “ಬೀಗ ಜೇಬಿಗೆ ಹಾಕ್ಕೊಳ್ಳಯ್ಯ” ಎಂದು ಅವನಿಗೆ ಗದರಿ, ಆದೇಶ ಜಾರಿ ಮಾಡದೆ ಮರಳಿದರು. ತೀರ್ಪು ರದ್ದಾಗಲೆಂದು ಆಕೆ ಅರ್ಜಿ ಹಾಕಿದಳು. ಸಾಕ್ಷಿಕಟ್ಟೆ ಹತ್ತಿದವರು ದೊಡ್ಡಪ್ಪ.

“ಮನೆಯವರು ಅಂದ್ರೆ ಯಾರ್ರೀ?” ಜಡ್ಜ್ ಕೇಳಿದರು.

“ಗಂಡ, ಸ್ವಾಮಿ. ಕೇಸು ಹಾಕಿದವರೂ ಅವರೇ.”

ಕೋರ್ಟೆಲ್ಲ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ನಕ್ಕೆ. ದೊಡ್ಡಪ್ಪನ ಕಿವಿ ಕೆಂಪಾದದ್ದು ಕಂಡಾಗ ನನಗೇ ನಾಚಿಕೆಯಾಯಿತು. ಆಕೆ ಮಾತ್ರ ನಗಲಿಲ್ಲ. ತೀರ್ಪು ರದ್ದಾಗಿ ಹೊಸದಾಗಿ ವಿಚಾರಣೆಯೆಂದಾಯಿತು. ದೊಡ್ಡಪ್ಪನಿಗೆ ಛೀಮಾರಿ ಬಿತ್ತು.

ಹೊರಗೆ ಕಾರಿಡಾರಿನಲ್ಲಿ ಆಕೆ ಎದುರಾದಾಗ ದೊಡ್ಡಪ್ಪ ತಲೆ ತಗ್ಗಿಸಿದರು. “ತಪ್ಪಾಯ್ತಮ್ಮ.”

“ಆವತ್ತು ಪಕ್ಕದ ಬೀದಿಗೆ ಬಟ್ಟೆ ಕೊಡೋಕೆ ಹೋಗಿದ್ದೆ, ಅಷ್ಟೇ,” ಎಂದಳು ಆಕೆ. “ಸ್ವಲ್ಪ ಕಾಯ್ಬಾರ್ದಿತ್ತಾ, ಸಾರ್?”